ಆ ಪತ್ರ ಲಿಂಕನ್ ಬರೆದದ್ದೇ?

(ಇತಿಹಾಸ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಕರ ದಿನಾಚರಣೆ ಬಂತೆಂದರೆ, ಹಾಸನವಿರಲಿ ಹೊಳೆನರಸೀಪುರವಿರಲಿ, ಶಾಲೆಯ ವೇದಿಕೆಯಲ್ಲಿ ಒಂದು ಪತ್ರವನ್ನು ಓದುವುದುಂಟು. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ತನ್ನ ಮಗನ ಉಪಾಧ್ಯಾಯರಿಗೆ ಬರೆದನೆನ್ನಲಾದ ಪತ್ರ ಅದು. ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಆದರೆ ಲಿಂಕನ್ನನ ಪತ್ರ, ಭಾಷಣಗಳನ್ನೆಲ್ಲ ಹುಡುಕಿ ಸಂಪಾದಕ ರಾಯ್ ಬಾಸ್ಲರ್ 1953ರಲ್ಲಿ ಹೊರತಂದ ಎಂಟು ಸಂಪುಟಗಳಲ್ಲಿ ಈ ಪತ್ರವಿಲ್ಲ.

ಪತ್ರದ ನೀತಿ ಒಳ್ಳೆಯದೇ. ಆದರೆ ವಿದ್ಯಾರ್ಥಿಯೊಬ್ಬ ಪ್ರಬಂಧದಲ್ಲಿ ಅದನ್ನೇ ಆಧಾರವಾಗಿ ಕೊಟ್ಟರೆ, ಲಿಂಕನ್ ಬರೆದನೆಂಬುದಕ್ಕೆ ದಾಖಲೆಯೇ ಇಲ್ಲದ ಮಾತು ಇತಿಹಾಸವಾಗಿಬಿಡುತ್ತದೆ. ಹಾಗಾದರೆ ದೂರದ ದೇಶದ ಚರಿತ್ರೆಗೆ ನಂಬಬಹುದಾದ ಪುಸ್ತಕವನ್ನು ಆರಿಸುವುದು ಹೇಗೆ?

ಉತ್ತರಕ್ಕೆ ಬಹುದೂರ ಹೋಗಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನೇ ನೋಡಿ. ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಬೆಳಗೊಳದ ಸಂಪುಟದಲ್ಲಿ ಇದ್ದದ್ದು 144 ಶಾಸನಗಳು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಬಂಡೆಯ ಮೇಲಿನ ಬರಹ ಮೂಲ ಆಕರ; ಅದನ್ನು ಓದಿ ವಿದ್ವಾಂಸರು ಬರೆಯುವ ಇತಿಹಾಸ ದ್ವಿತೀಯಕ ಆಕರ. 144 ಶಾಸನಗಳನ್ನಷ್ಟೇ ನೋಡಿದವರ ತೀರ್ಮಾನವನ್ನು 573ನ್ನೂ ನೋಡಿದವರ ತೀರ್ಮಾನದೊಡನೆ ಹೋಲಿಸದೆ ಒಪ್ಪಲಾಗದು. ಆದ್ದರಿಂದ ಮೊದಲ ಪ್ರಶ್ನೆ: ಪುಸ್ತಕ ಯಾವ ವರ್ಷದ್ದು? ಬರೆದವರ ಮುಂದೆ ಯಾವ ದಾಖಲೆಗಳಿದ್ದವು?

ಎರಡನೆಯ ಪ್ರಶ್ನೆ: ಅದರಲ್ಲಿ ಯಾರ ದನಿ ಇಲ್ಲ? ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಅಲ್ಲಿಂದ 1877ರವರೆಗಿನದು ಪುನರ್ನಿರ್ಮಾಣದ ಕಾಲ. ಬಿಡುಗಡೆ ಹೊಂದಿದ ಕರಿಯರಿಗೆ ಆಗ ಮತದಾನದ ಹಕ್ಕು ಕೊಟ್ಟದ್ದೇ ತಪ್ಪೆಂದು ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿಲಿಯಂ ಡನಿಂಗ್ ಮತ್ತು ಅವರ ಶಿಷ್ಯರು ಬರೆದರು. ಬಹುಕಾಲ ಪಠ್ಯಪುಸ್ತಕಗಳು ಅದನ್ನೇ ಹೇಳಿದವು. ಕರಿಯ ವಿದ್ವಾಂಸ ಡಬ್ಲ್ಯು.ಇ.ಬಿ. ಡುಬೋಯಿಸ್ 1935ರಲ್ಲಿ ಇದನ್ನು ಅಲ್ಲಗಳೆದು, ಪ್ರಜಾಪ್ರಭುತ್ವ ಕಟ್ಟುವಲ್ಲಿ ಆ ಜನರೇ ವಹಿಸಿದ ಪಾತ್ರವನ್ನು ತೋರಿಸಿದರು. ವಿದ್ವತ್ ವಲಯ ಅವರ ಮಾತಿಗೆ ಕಿವಿಗೊಡಲು ದಶಕಗಳೇ ಬೇಕಾದವು. ಎರಿಕ್ ಫೋನರ್ ಅವರ ಬೃಹದ್ಗ್ರಂಥ 1988ರಲ್ಲಿ ಬರುವ ವೇಳೆಗೆ ಡನಿಂಗ್ ವಾದ ಬಿದ್ದುಹೋಗಿತ್ತು. ಹಳೆಯ ಪುಸ್ತಕವೊಂದನ್ನೇ ನಂಬಿದವನಿಗೆ ಈ ತಿದ್ದುಪಡಿಯ ಸುಳಿವೇ ಸಿಗದು.

ಮೂರನೆಯದು: ನೀವು ಕೇಳುತ್ತಿರುವ ಪ್ರಶ್ನೆಗೆ ಆ ಪುಸ್ತಕ ಸಲ್ಲುತ್ತದೆಯೇ? ಗೊರೂರಿನವರಾದ ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿಯಿಂದ ಬಂದ ಕನ್ನಡಿಗನೊಬ್ಬನಿಗೆ ಅಮೆರಿಕ ಹೇಗೆ ಕಂಡಿತೆಂದು ತಿಳಿಯಲು ಅದು ಮೂಲ ಆಕರವೇ ಸರಿ. ಆದರೆ ಅಮೆರಿಕದ ಗತಕಾಲಕ್ಕೆ ಬೇರೆ ಪುಸ್ತಕವೇ ಬೇಕು. ಇದರಿಂದ ಗೊರೂರರ ಹಿರಿಮೆಗೇನೂ ಕುಂದಿಲ್ಲ.

ಪುಸ್ತಕ ಕೈಗೆ ಬಂದಾಗ ಮೊದಲು ಕೊನೆಯ ಪುಟಗಳನ್ನು ತಿರುವಿ. ಅಡಿಟಿಪ್ಪಣಿ, ಗ್ರಂಥಸೂಚಿ ಇವೆಯೇ ನೋಡಿ. ಇತರ ವಿದ್ವಾಂಸರ ವಿಮರ್ಶೆ ಓದಿ. ಒಂದೇ ವಿಷಯಕ್ಕೆ ಭಿನ್ನಮತದ ಎರಡು ಪುಸ್ತಕಗಳನ್ನಾದರೂ ಇಟ್ಟುಕೊಳ್ಳಿ. ಬಾಸ್ಲರ್ ಸಂಪುಟಗಳನ್ನು ಮಿಷಿಗನ್ ವಿಶ್ವವಿದ್ಯಾನಿಲಯ ಅಂತರ್ಜಾಲದಲ್ಲಿ ಇರಿಸಿರುವುದರಿಂದ ಅರಕಲಗೂಡಿನಲ್ಲಿ ಕುಳಿತೇ ಮೊಬೈಲಿನಲ್ಲಿ ತೆರೆದು ನೋಡಬಹುದು.

ಮುಂದಿನ ಶಿಕ್ಷಕರ ದಿನದಂದು ಆ ಪತ್ರವನ್ನು ಓದುವುದಾದರೆ ಓದಿ. ಅದನ್ನು ಲಿಂಕನ್ ಬರೆದನೆಂಬುದಕ್ಕೆ ದಾಖಲೆ ಇಲ್ಲವೆಂಬ ಒಂದು ಮಾತನ್ನೂ ಸೇರಿಸಿ. ಮಕ್ಕಳಿಗೆ ಅಂದು ಸಿಗುವ ಇತಿಹಾಸದ ಮೊದಲ ಪಾಠ ಅದೇ ಆಗಲಿ.