ತೊಟ್ಟಿಲ ಮಕ್ಕಳೂ ಮಠದ ದಾಸೋಹವೂ

(ಶ್ರೀಮಠದ ಉಚಿತ ಪ್ರಸಾದನಿಲಯದ ಅಮೃತಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)

ನನಗೆ ಅಪ್ಪಣೆಯಾಗಿರುವ ವಿಷಯವನ್ನು ಯಥಾಮತಿ ಅರಿಕೆಮಾಡಿಕೊಳ್ಳುತ್ತೇನೆ. ನಾನು ವಿದುಷಿಯಲ್ಲ, ಸಭೆಗಳಲ್ಲಿ ಮಾತನಾಡಿ ರೂಢಿಯುಳ್ಳವಳೂ ಅಲ್ಲ. 1983ರಿಂದ 2019ರ ವರೆಗೆ ಅಂಗನವಾಡಿಗಳ ಮೇಲ್ವಿಚಾರಕಿಯಾಗಿ ಹಳ್ಳಿಹಳ್ಳಿ ಸುತ್ತಿದವಳು. ಮಕ್ಕಳನ್ನು ತೂಗಿಸುವುದು, ತೂಗಿದುದನ್ನು ಬರೆಯಿಸುವುದು, ಬರೆದುದನ್ನು ಮೇಲಿನವರಿಗೆ ಕಳುಹಿಸುವುದು: ಮೂವತ್ತಾರು ವರ್ಷ ಇದೇ ನನ್ನ ಕಾಯಕವಾಗಿತ್ತು. ಆದುದರಿಂದ ತೊಟ್ಟಿಲ ಮಗುವಿನ ಸಂಗತಿಯನ್ನಲ್ಲದೆ ಬೇರೊಂದನ್ನು ನಾನು ಹೇಳಲರಿಯೆ.

ನಮ್ಮ ಮಠಗಳು ಮಕ್ಕಳಿಗೆ ಅನ್ನವಿಕ್ಕಿದ ಕಥೆಯು ತಮ್ಮೆಲ್ಲರಿಗೂ ವಿದಿತವೇ ಇದೆ. ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907-2019) ಜಾತಿಮತಗಳ ಎಣಿಕೆಯಿಲ್ಲದೆ ಸಹಸ್ರಾರು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಆಶ್ರಯವನ್ನೂ ಇತ್ತರು. ಈ ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದವರು ಈ ಚಪ್ಪರದಡಿಯಲ್ಲಿಯೇ ಎಷ್ಟು ಮಂದಿ ಕುಳಿತಿದ್ದೀರಿ! ನನ್ನ ಯಜಮಾನರೂ ಅವರಲ್ಲೊಬ್ಬರು. ಆದರೆ ಒಂದು ಮಾತನ್ನು ಅಂಜುತ್ತಂಜುತ್ತ ಕೇಳುತ್ತೇನೆ. ಹುಡುಗನು ಮಠದ ಬಾಗಿಲಿಗೆ ಬರುವಾಗ ಅವನಿಗೆ ವಯಸ್ಸೆಷ್ಟು? ಆರೋ, ಎಂಟೋ, ಹತ್ತೋ. ಅಷ್ಟರಲ್ಲಿ ಅವನ ಮೈಯ ಅಸ್ತಿಭಾರವು ಬಿದ್ದು ಹೋಗಿರುತ್ತದೆ.

ವೈದ್ಯರು ಹೇಳುವ ಲೆಕ್ಕವು ಬಹಳ ಸುಲಭವಾದುದು. ಗರ್ಭದಲ್ಲಿ 270 ದಿನ, ಆಮೇಲೆ ಎರಡು ವರ್ಷಗಳ 730 ದಿನ. ಕೂಡಿ ಒಂದು ಸಾವಿರ. ಈ ಸಾವಿರ ದಿನಗಳಲ್ಲಿ ಅನ್ನವು ಸಾಲದಾದರೆ, ಅಥವಾ ಮೇಲಿಂದ ಮೇಲೆ ಭೇದಿಜ್ವರಗಳು ಬಂದರೆ, ಮಗುವು ಎತ್ತರದಲ್ಲಿ ಗಿಡ್ಡಾಗುತ್ತದೆ. ಆ ಗಿಡ್ಡುತನವು ಮುಂದೆ ಉಂಡ ಅನ್ನದಿಂದ ಪೂರ್ಣವಾಗಿ ತಿದ್ದಿಹೋಗುವುದು ದುರ್ಲಭ. ಮಿದುಳಿನ ಬೆಳವಣಿಗೆಯ ಬಹುಭಾಗವು ಶಾಲೆಯ ಮೆಟ್ಟಿಲನ್ನು ಹತ್ತುವ ಮೊದಲೇ ಮುಗಿಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದಲ್ಲಿ ಐದು ವರ್ಷದೊಳಗಣ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು; ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿ ರಕ್ತಹೀನರು. ದಾಸೋಹದ ನಾಡೆಂದು ಹೆಮ್ಮೆಪಡುವ ನಾಡಿನ ಲೆಕ್ಕವಿದು.

ಸರಕಾರವು ಕೈಕಟ್ಟಿ ಕುಳಿತಿಲ್ಲ. 1975ನೆಯ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾಯಿತು; ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ ಆ ಭಾಗ್ಯವು ಮೊದಲು ದೊರೆಯಿತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆಯವರನ್ನು ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ತಿಳಿವಳಿಕೆ, ಮಕ್ಕಳಿಗೆ ಆಟಪಾಠ: ಈ ಆರೂ ಒಂದೇ ಅಂಗಳದಲ್ಲಿ ಸಿಕ್ಕಬೇಕೆಂಬುದು ಅದರ ಹೂಟ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಆಶಾ ಕಾರ್ಯಕರ್ತೆಯರು ಬಂದರು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂದಿತು. 2017ರಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಮಧ್ಯಾಹ್ನದ ಬಿಸಿಯೂಟವನ್ನಿಕ್ಕುವ ಮಾತೃಪೂರ್ಣ ಯೋಜನೆ ಬಂದಿತು. ಬಂದುವು ಹೌದು. ಆದರೆ ಊಟವು ಅಂಗನವಾಡಿಯಲ್ಲಿ, ಸೊಸೆಯು ಅಡುಗೆಮನೆಯಲ್ಲಿ, ಅತ್ತೆಯು ಹೊಸ್ತಿಲಲ್ಲಿ! ಬಸುರಿಯು ಹೊರಗೆ ಹೋಗಿ ಹತ್ತು ಜನರ ಕಣ್ಣೆದುರು ಉಣ್ಣುವುದನ್ನು ಒಪ್ಪದ ಮನೆಗಳು ನನ್ನ ಸೀಮೆಯಲ್ಲಿ ಬೇಕಾದಷ್ಟಿದ್ದುವು. ಆ ಹೊಸ್ತಿಲನ್ನು ದಾಟಿಸಲು ಸರಕಾರದ ಸುತ್ತೋಲೆಗೆ ಶಕ್ತಿಯಿಲ್ಲ. ಶಕ್ತಿಯುಳ್ಳವರು ಬೇರೆ ಇದ್ದಾರೆ. ಅವರು ಈ ವೇದಿಕೆಯ ಮೇಲೆಯೇ ಕುಳಿತಿದ್ದಾರೆ.

ಇದು ಮುಖಸ್ತುತಿಯಲ್ಲ. ಗರ್ಭಿಣಿಗೆ ಎಂಟನೆಯ ತಿಂಗಳಾದಾಗ ಗುರುವು ಮನೆಗೆ ದಯಮಾಡಿಸಿ, ಗರ್ಭದಲ್ಲಿರುವ ಶಿಶುವಿಗೆಂದು ಲಿಂಗವನ್ನು ಅನುಗ್ರಹಿಸುವ ಸಂಪ್ರದಾಯವು ನಮ್ಮಲ್ಲುಂಟಷ್ಟೆ. ಮಗುವು ಭೂಮಿಗೆ ಬೀಳುವುದಕ್ಕೆ ಮುಂಚೆಯೇ ಅದು ಗುರುವಿನ ಪಾಲನೆಗೆ ಸೇರಿತೆಂದು ನಮ್ಮ ಹಿರಿಯರು ತಿಳಿದಿದ್ದರು. ಹೆರುವ ಮೊದಲೇ ಮನೆಯೊಳಕ್ಕೆ ಬರುವ ಇಂತಹ ಅಧಿಕಾರವು ಯಾವ ಇಲಾಖೆಗುಂಟು? ಆ ದಿನ ಅಯ್ಯನವರು ವಿಭೂತಿಯನ್ನಿಟ್ಟು ಹರಸಿದ ಮೇಲೆ, "ತಾಯಿಕಾರ್ಡು ಮಾಡಿಸಿದ್ದೀರಾ? ಕಬ್ಬಿಣದ ಗುಳಿಗೆಗಳನ್ನು ನುಂಗುತ್ತಿದ್ದಾಳೆಯೇ?" ಎಂದು ಎರಡು ಮಾತು ಕೇಳಿದರೆ ಅತ್ತೆಯಾದವಳು ಇಲ್ಲವೆನ್ನಲಾರಳು. ಆದರೆ ಎಂಟನೆಯ ತಿಂಗಳೆಂಬುದು ತಡವಾಯಿತು. ಆ ಗುಳಿಗೆಗಳನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕು; ಎಂಟರಲ್ಲಿ ತೊಡಗಿದರೆ ಅರ್ಧವೂ ಹೊಟ್ಟೆಗೆ ಸೇರಲಾರವು. ದೃಷ್ಟಿಯಾದೀತೆಂದು ಮೊದಲ ಮೂರು ತಿಂಗಳು ಯಾರಿಗೂ ಹೇಳದಿರುವುದು ನಮ್ಮ ಹೆಣ್ಣುಮಕ್ಕಳ ವಾಡಿಕೆ. ಊರಿಗೆ ಹೇಳದಿರಲಿ, ಗುರುಮನೆಗೆ ಹೇಳಬಾರದೆ?

ಇನ್ನು ನನ್ನದೇ ತಪ್ಪೊಂದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. 1991ರ ಬೇಸಗೆ. ಒಂದು ಹಳ್ಳಿಯಲ್ಲಿ ಹತ್ತು ತಿಂಗಳ ಹೆಣ್ಣುಮಗು. ತೂಕ ಐದೂವರೆ ಕಿಲೊ. ಮೂರು ತಿಂಗಳಿನಿಂದ ಮುಳ್ಳು ಅಲ್ಲಿಯೇ ನಿಂತಿತ್ತು. ನಾನು ಪಟ್ಟಿಯಲ್ಲಿ ಕೆಂಪುಗೆರೆ ಎಳೆದು, ತಾಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟು, ನನ್ನ ಕೆಲಸವು ಮುಗಿಯಿತೆಂದು ಮುಂದಿನ ಊರಿಗೆ ಹೋದೆ. ಮುಂದಿನ ತಿಂಗಳು ಬಂದಾಗ ತೊಟ್ಟಿಲು ಇರಲಿಲ್ಲ. ಆ ಮೇಲೆ ವಿಚಾರಿಸಲಾಗಿ ತಿಳಿದುಬಂದುದೇನೆಂದರೆ, ತಂದೆಯು ದುಡಿಮೆಗಾಗಿ ಗೋವೆಗೆ ಗುಳೆ ಹೋಗಿ ಐದು ತಿಂಗಳಾಗಿತ್ತೆಂಬುದು ಆ ಊರಿನ ಅಯ್ಯನವರಿಗೆ ಗೊತ್ತಿತ್ತು. ಸಾಲದ ಪತ್ರಕ್ಕೆ ಸಾಕ್ಷಿ ಹಾಕಿದವರು ಅವರೇ. ತಾಯಿಯು ಕೂಲಿಗೆ ಹೋಗುತ್ತಿದ್ದುದರಿಂದ ಮಗುವಿಗೆ ಹಗಲೆಲ್ಲ ಚಹದ ನೀರೇ ಗತಿಯೆಂಬುದು ಸೂಲಗಿತ್ತಿಗೆ ಗೊತ್ತಿತ್ತು. ತೂಕವು ನನಗೆ ಗೊತ್ತಿತ್ತು. ನಾವು ಮೂವರೂ ಒಂದೇ ವಾರದಲ್ಲಿ ಆ ಮನೆಯ ಕಟ್ಟೆಯನ್ನು ಹತ್ತಿ ಇಳಿದವರು. ಒಬ್ಬರೊಡನೊಬ್ಬರು ಒಂದು ಮಾತನ್ನಾಡಿದವರಲ್ಲ. ಅಯ್ಯನವರು ನನ್ನನ್ನು ಕಂಡು, "ತಂಗೀ, ಆ ಚೀಟಿಯ ಮಾತು ನನ್ನ ಕಿವಿಗೆ ಬಿದ್ದಿದ್ದರೆ ನನ್ನ ಬಂಡಿಯಲ್ಲೇ ಕಳುಹಿಸುತ್ತಿದ್ದೆನಲ್ಲಾ" ಎಂದರು. ಆ ಚೀಟಿಯು ಮನೆಯ ತೊಲೆಯ ಸಂದಿನಲ್ಲಿ ಮಡಿಚಿಟ್ಟಂತೆಯೇ ಇತ್ತು. ಓದಬಲ್ಲವರು ಆ ಮನೆಯಲ್ಲಿರಲಿಲ್ಲ.

ಅಲ್ಲಿಂದ ಮುಂದೆ ನಾವು ಮೂವರೂ ತಿಂಗಳಿಗೊಮ್ಮೆ ಕೂಡುವುದೆಂದು ಗೊತ್ತುಮಾಡಿದೆವು. ಅಮಾವಾಸ್ಯೆಗೆ ಹೆಂಗಸರು ಹೇಗೂ ಮಠಕ್ಕೆ ಬರುತ್ತಾರೆ. ಆದುದರಿಂದ ತಕ್ಕಡಿಯನ್ನು ಮಠದ ಅಂಗಳಕ್ಕೇ ಒಯ್ದೆವು. ಮೂರು ಅಮಾವಾಸ್ಯೆ ಕಳೆದ ಮೇಲೆ ಪಟ್ಟಿಯನ್ನು ನೋಡಿದರೆ, ಬರಬೇಕಾದವರಲ್ಲಿ ಬಹುಮಂದಿ ಬಂದಿರಲಿಲ್ಲ. ಊರ ಹೊರಗಣ ಕೇರಿಯ ತಾಯಂದಿರು ಮಠದ ಬಾಗಿಲವರೆಗೆ ಬಂದು ನಿಂತು ಹಿಂದಿರುಗಿದ್ದರು. ಬೇಡವೆಂದವರು ಯಾರೂ ಇಲ್ಲ, ಬನ್ನಿರೆಂದವರೂ ಇಲ್ಲ. ಇದನ್ನು ಅಯ್ಯನವರಿಗೆ ಅರಿಕೆಮಾಡಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಮುಂದಿನ ತಿಂಗಳು ತಾವೇ ಆ ಕೇರಿಯ ಬೇವಿನ ಮರದಡಿಗೆ ನಡೆದು ಬಂದರು. ತಕ್ಕಡಿಯನ್ನು ಅದೇ ಮರದ ಕೊಂಬೆಗೆ ಕಟ್ಟಿದೆವು. ದಾಸೋಹವೆಂದರೆ ಬಂದವರಿಗೆ ಇಕ್ಕುವುದೆಂದೇ ನಾನು ಅದುವರೆಗೆ ತಿಳಿದಿದ್ದೆ. ದಾಖಲೆಯ ಪುಸ್ತಕವನ್ನು ಕೇಂದ್ರದ ಹೊರಗೆ ಒಯ್ದುದಕ್ಕೆ ಮೇಲಿನವರಿಂದ ನನಗೆ ವಿವರಣೆ ಕೇಳಿ ಕಾಗದ ಬಂದಿತು. ಅದು ಬೇರೆ ಮಾತು.

ನೂಲು ಹರಿಯುವ ಎರಡು ಸ್ಥಳಗಳನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ತವರುಮನೆ. ಚೊಚ್ಚಲು ಹೆರಿಗೆಗೆ ಮಗಳು ತವರಿಗೆ ಹೋದ ಕೂಡಲೆ ಗಂಡನ ಊರಿನ ಪಟ್ಟಿಯಿಂದ ಜಾರುತ್ತಾಳೆ. ತವರಿನ ಪಟ್ಟಿಗೆ ಏರುವುದು ಎಷ್ಟೋ ವೇಳೆ ತಡ. ಹೆರಿಗೆಯ ಹಿಂದುಮುಂದಿನ ಆ ತಿಂಗಳುಗಳೇ ಅತ್ಯಂತ ನಾಜೂಕಾದುವು. ಮೊದಲ ಹಾಲನ್ನು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರನ್ನೂ ಸೊಪ್ಪನ್ನೂ ಬಿಗಿಹಿಡಿಯುವುದು, ಕೂಸಿಗೆ ಜೇನು ನೆಕ್ಕಿಸುವುದು, ಇವೆಲ್ಲ ಪ್ರೀತಿಯಿಂದಲೇ ನಡೆಯುವ ತಪ್ಪುಗಳು. ನನ್ನ ತಾಯಿಯೂ ನನಗೆ ಮಾಡಿದಳು. ಎರಡನೆಯದು ಗುಳೆ. ಸುಗ್ಗಿ ಮುಗಿದೊಡನೆ ನಮ್ಮ ಬಯಲುಸೀಮೆಯ ಒಕ್ಕಲು ಬೆಂಗಳೂರಿಗೂ ಗೋವೆಗೂ ಮುಂಬಯಿಗೂ ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತದೆ. ಮನೆ ಕಟ್ಟುವ ಸ್ಥಳದ ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಕೂಸು ಯಾವ ಅಂಗನವಾಡಿಯದು? ಸರಕಾರದ ಪಟ್ಟಿಗಳಿಗೆ ಗಡಿಯುಂಟು, ಶಿಷ್ಯವರ್ಗಕ್ಕೆ ಗಡಿಯಿಲ್ಲ. ಬೇರೆ ಊರುಗಳಲ್ಲಿರುವ ಶಾಖಾಮಠಗಳೂ ಭಕ್ತಮಂಡಲಿಗಳೂ, ಇಂತಹ ಊರಿನಿಂದ ಇಂತಹ ಬಸುರಿಯು ಬಂದಿದ್ದಾಳೆಂಬ ಸುದ್ದಿಯನ್ನು ತಿಳಿದು, ಹತ್ತಿರದ ಕೇಂದ್ರಕ್ಕೆ ಅವಳ ಕೈಹಿಡಿದು ಸೇರಿಸಿದರೆ ಸಾಕು. ಊರಲ್ಲಿಯೇ ಉಳಿದು ಉದ್ಯೋಗಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಹಸುಳೆಗಳಿಗಾಗಿ 2023ರ ಬಳಿಕ ಗ್ರಾಮಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆದರು. ಅದಕ್ಕೆ ನೆರಳುಳ್ಳ ಜಾಗವೇ ಸಿಕ್ಕದ ಊರಿನಲ್ಲಿ ಮಠದ ಒಂದು ಪಡಸಾಲೆಯನ್ನು ಬಿಟ್ಟುಕೊಡಬಾರದೆ?

ಒಂದು ಕಹಿಯಾದ ಮಾತನ್ನು ನುಂಗಿಕೊಂಡು ಹೋಗುವುದು ಸರಿಯಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕವೇ ಮೊದಲಾದ ಕಡೆ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ ಮೊಟ್ಟೆಯನ್ನೂ, ಒಲ್ಲದವರಿಗೆ ಬಾಳೆಯ ಹಣ್ಣನ್ನೂ ಕೊಡತೊಡಗಿದಾಗ ನಮ್ಮ ಮಠಗಳಲ್ಲಿ ಕೆಲವು ಅದನ್ನು ವಿರೋಧಿಸಿದುವು. ಅಂಗನವಾಡಿಯಲ್ಲಿಯಾದರೋ ಅದಕ್ಕೆ ಮೊದಲೇ ಮೊಟ್ಟೆಯಿತ್ತು. ನಾನು ಶಾಕಾಹಾರಿಣಿ, ನನ್ನ ಮನೆಯೊಳಗೆ ಮೊಟ್ಟೆಯು ಬಂದುದಿಲ್ಲ. ಮಠದ ಪಂಕ್ತಿಯಲ್ಲಿ ಮಠದ ಆಚಾರವೇ ನಡೆಯಬೇಕು. ಆದರೆ ಅಂಗನವಾಡಿಯ ಪಂಕ್ತಿಯು ಸರ್ವರದು; ಮೊಟ್ಟೆಯನ್ನು ತಿನ್ನುವ ಮನೆಯ ಬಡಕೂಸಿನ ತಟ್ಟೆಯಿಂದ ಅದನ್ನು ತೆಗೆಯಿರೆಂದು ಹೇಳಲು, ತೂಕದ ಮುಳ್ಳನ್ನು ಕಂಡಿರುವ ನನಗೆ ನಾಲಗೆ ಬರುವುದಿಲ್ಲ. ತಪ್ಪಾಡಿದ್ದರೆ ಪೂಜ್ಯರು ಕ್ಷಮಿಸಬೇಕು. ಆಚಾರವುಳ್ಳ ಮನೆಯ ಮಗುವಿಗೆ ತಕ್ಕಷ್ಟು ಹಾಲು, ಶೇಂಗಾ, ಬೇಳೆ, ನುಗ್ಗೆಸೊಪ್ಪುಗಳನ್ನು ನಾವೇ ಒದಗಿಸೋಣ. ಶ್ರೀಮಠದ ತೋಟದ ಬೇಲಿಯುದ್ದಕ್ಕೂ ನುಗ್ಗೆಯಿದೆ; ಅದರ ಸೊಪ್ಪು ದನಕ್ಕೆ ಹೋಗುವುದನ್ನು ನಿನ್ನೆ ತಾನೆ ನೋಡಿದೆನು.

ಪ್ರತಿಯೊಂದು ಅಂಗನವಾಡಿಗೂ ಬಾಲವಿಕಾಸ ಸಮಿತಿಯೆಂಬುದೊಂದಿರುತ್ತದೆ. ಎಷ್ಟೋ ಕಡೆ ಅದು ಸಹಿಯ ಪುಸ್ತಕದಲ್ಲಿ ಮಾತ್ರ ಬದುಕಿದೆ. ಮಠಕ್ಕೆ ಸೇರಿದ ಪ್ರತಿಯೊಂದು ಊರಿನಲ್ಲಿಯೂ ಆ ಸಮಿತಿಯ ತಿಂಗಳ ಸಭೆಗೆ ಅಯ್ಯನವರೊಬ್ಬರು ಹೋಗಿ ಕುಳಿತರೆ, ಆಶಾ ಕಾರ್ಯಕರ್ತೆಯೂ ಸ್ತ್ರೀಶಕ್ತಿ ಸಂಘದವರೂ ಪಂಚಾಯತಿಯವರೂ ತಾವಾಗಿ ಬಂದು ಸೇರುವರು. ಇದನ್ನು ಕಣ್ಣಾರೆ ಕಂಡು ಹೇಳುತ್ತೇನೆ. ಹಣವನ್ನು ನಾನು ಬೇಡುತ್ತಿಲ್ಲ. ಈ ಮಹೋತ್ಸವಕ್ಕೆಂದು ಭಕ್ತರು ಕೊಟ್ಟ ಬೆಳ್ಳಿಯು ಬೆಳ್ಳಿಯಾಗಿಯೇ ಇರಲಿ.

ಈ ಊರಿನ ಅಂಗನವಾಡಿಯ ಕಾರ್ಯಕರ್ತೆಯು ಹಿಂದಿನ ಸಾಲಿನಲ್ಲಿ, ಕಂಬದ ಮಗ್ಗುಲಿಗೆ ಕುಳಿತಿದ್ದಾಳೆ. ಈ ತಿಂಗಳು ತೂಕವೇರದ ಮಕ್ಕಳ ಪಟ್ಟಿಯು ಅವಳ ಚೀಲದಲ್ಲಿದೆ. ಶ್ರೀಗಳವರ ಅಪ್ಪಣೆಯಾದರೆ, ಪ್ರಸಾದಕ್ಕೆ ಏಳುವ ಮುಂಚೆ ಮಠದ ಅಯ್ಯನವರೂ ಊರಿನ ಹಿರಿಯರೂ ಅವಳೊಡನೆ ಕಾಲುತಾಸು ಕುಳಿತು ಆ ಪಟ್ಟಿಯನ್ನು ಓದಬೇಕೆಂದು ಬಿನ್ನವಿಸಿ ನನ್ನ ಸ್ಥಾನಕ್ಕೆ ಹೋಗುತ್ತೇನೆ.