ಕೋರ್ಸಿನ ಕಾಗದವೇ ಬೇರೆ, ಪರೀಕ್ಷೆಯ ಸರ್ಟಿಫಿಕೇಟೇ ಬೇರೆ

(ಯುವಜನರು ಹಾಗೂ ಸ್ವಸಹಾಯ ಸಂಘಗಳ ತಾಯಂದಿರ ಜಂಟಿ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಂಪ್ಯೂಟರ್ ಕೆಲಸ ಸಿಗಬೇಕಾದರೆ ಯಾವ ಸರ್ಟಿಫಿಕೇಟ್ ಮಾಡಿಸಬೇಕು, ಅದಕ್ಕೆ ಸಂಘದಿಂದ ಎಷ್ಟು ಸಾಲ ಸಿಗುತ್ತದೆ ಎಂದು ನಮ್ಮ ಕಾರ್ಯಕರ್ತರನ್ನು ಕೇಳುವವರು ಹೆಚ್ಚಾಗಿದ್ದಾರೆ. ಉತ್ತರ ಹೇಳುವ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ.

ಒಬ್ಬ ತಾಯಿ, ಮಗ ಡಿಪ್ಲೊಮಾ ಮುಗಿಸಿ ಮನೆಯಲ್ಲೇ ಕುಳಿತಿದ್ದಾನೆ ಅಂತ 45,000 ರೂಪಾಯಿ ಸಾಲ ಕೇಳಿದರು. ಪೇಟೆಯ ತರಬೇತಿ ಕೇಂದ್ರವೊಂದು ಸಿಸಿಎನ್‌ಎ ಕೋರ್ಸ್ ಕೊಡುತ್ತೇವೆ, ಕೆಲಸ ಗ್ಯಾರಂಟಿ ಎಂದಿತ್ತು. ಸಾಲ ಕೊಡಿ ಎಂದು ಸಂಘಕ್ಕೆ ಶಿಫಾರಸು ಮಾಡಿದವರು ನಾವೇ. ಆರು ತಿಂಗಳಾದ ಮೇಲೆ ಹುಡುಗ ಬಂಗಾರದ ಅಂಚಿನ ಕಾಗದ ಹಿಡಿದು ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದ. "ಸಿಸ್ಕೋ ವೆರಿಫಿಕೇಶನ್ ನಂಬರ್ ಕೊಡಪ್ಪಾ" ಅಂದರು. ಹಾಗಂದ್ರೇನು ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿರಲಿಲ್ಲ. ಅವನ ಕೈಯಲ್ಲಿದ್ದದ್ದು ಕೋರ್ಸಿಗೆ ಹಾಜರಾದ ಬಗ್ಗೆ ಕೇಂದ್ರದವರೇ ಅಚ್ಚು ಹಾಕಿಸಿದ ಕಾಗದ. ಕೆಲಸವೂ ಇಲ್ಲ, ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಆಮೇಲೆ ನಾವು ವಿಚಾರಿಸಿ ತಿಳಿದುಕೊಂಡೆವು. ಸಿಸಿಎನ್‌ಎ ಎನ್ನುವುದು ಸಿಸ್ಕೋ ಕಂಪನಿಯೇ ನಡೆಸುವ ಪರೀಕ್ಷೆ. 1998ರಲ್ಲಿ ಶುರುವಾಯಿತು, 2020ರಲ್ಲಿ ಪಠ್ಯ ಪೂರ್ತಿ ಬದಲಾಯಿತು. ಪಿಯರ್ಸನ್ ವ್ಯೂ ಮೂಲಕ ಎರಡು ಗಂಟೆ ಕುಳಿತು ಬರೆಯಬೇಕು. ಶುಲ್ಕ 300 ಡಾಲರ್, ತೆರಿಗೆ ಸೇರಿದರೆ ಮೂವತ್ತು ಸಾವಿರ ರೂಪಾಯಿಯ ಆಸುಪಾಸು. ಫೇಲಾದರೆ ಮತ್ತೆ ಕಟ್ಟಬೇಕು. ಪಾಸಾದರೂ ಮೂರು ವರ್ಷಕ್ಕೆ ಅವಧಿ ಮುಗಿಯುತ್ತದೆ, ನವೀಕರಿಸಿಕೊಳ್ಳಬೇಕು. ಈ ಪರೀಕ್ಷೆ ಬರೆಯಲು ಯಾವ ಕೋರ್ಸಿಗೂ ಸೇರಿರಲೇಬೇಕು ಎಂಬ ನಿಯಮವಿಲ್ಲ! ಇದನ್ನು ಮಾತ್ರ ಆ ಕೇಂದ್ರದವರು ಹೇಳಿರಲಿಲ್ಲ.

ಹಾಗಾದರೆ ಇದಕ್ಕೆ ಬೆಲೆ ಇದೆಯಾ? ಇದೆ. ಕ್ಯಾಂಪಸ್ ಆಯ್ಕೆಗೆ ಯಾವ ಕಂಪನಿಯೂ ಬಾರದ ಕಾಲೇಜಿನಲ್ಲಿ ಓದಿದವರಿಗೆ ಹೆಚ್ಚಿನ ಬೆಲೆ ಇದೆ. ನೂರಾರು ಅರ್ಜಿಗಳ ರಾಶಿಯಲ್ಲಿ ನಿಮ್ಮದನ್ನು ಒಮ್ಮೆ ತೆರೆದು ನೋಡಲು ಅದು ಕಾರಣವಾಗಬಹುದು. ನೆಟ್‌ವರ್ಕ್ ನಿರ್ವಹಣೆ, ಹೆಲ್ಪ್ ಡೆಸ್ಕ್, ಕ್ಲೌಡ್ ಇಂಥ ಕೆಲಸಗಳಲ್ಲಿ ಇದು ನಿಜ. ಪ್ರೋಗ್ರಾಮ್ ಬರೆಯುವ ಕೆಲಸವಾದರೆ ಮಾತು ಬೇರೆ. ಅಲ್ಲಿ ನೀವು ಬರೆದ ಪ್ರೋಗ್ರಾಮನ್ನೇ ತೋರಿಸಿ ಅಂತಾರೆ.

ಆದರೆ ಕುರ್ಚಿಯಲ್ಲಿ ಕೂತ ಮೇಲೆ ಕಾಗದ ಮಾತಾಡುವುದಿಲ್ಲ, ನೀವೇ ಮಾತಾಡಬೇಕು. 1990ರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟಿನ ಎಂಸಿಎಸ್‌ಇಗೆ ಎಲ್ಲರೂ ಮುಗಿಬಿದ್ದರು. ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಪಾಸಾದವರಿಗೆ 'ಪೇಪರ್ ಎಂಸಿಎಸ್‌ಇ' ಎಂದೇ ಹೆಸರು ಬಿತ್ತು. 2021ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ಈಗ ಯಾರಾದರೂ ಆ ಹೆಸರು ಹೇಳಿ ದುಡ್ಡು ಕೇಳಿದರೆ ಕೊಡಬೇಡಿ. ಕದ್ದ ಪ್ರಶ್ನೆಗಳನ್ನು 'ಡಂಪ್ಸ್' ಅಂತ ಮಾರುವವರು ಇಂದಿಗೂ ಇದ್ದಾರೆ. ಸಿಕ್ಕಿಬಿದ್ದರೆ ಕಂಪನಿಯವರು ಸರ್ಟಿಫಿಕೇಟನ್ನೇ ರದ್ದು ಮಾಡುತ್ತಾರೆ. ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಂತೂ ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುವ ಆಟವಿಲ್ಲ. ಎದುರಿಗೆ ಲಿನಕ್ಸ್ ಕಂಪ್ಯೂಟರ್ ಇಟ್ಟು ಕೆಲಸ ಮಾಡಿ ತೋರಿಸು ಅಂತಾರೆ. ಅಡುಗೆ ಬರುತ್ತೆ ಅಂದವರಿಗೆ ಒಲೆ ಮುಂದೆ ಕೂರಿಸಿದ ಹಾಗೆ.

ದುಡ್ಡಿಲ್ಲದೆ ಕಲಿಯುವ ದಾರಿಯೂ ಇದೆ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯ ಪ್ರಾರಂಭಿಕ ಪಾಠಗಳು ಉಚಿತ. ಅವರದೇ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶದಲ್ಲಿ ರೂಟರು, ಸ್ವಿಚ್ಚು ಯಾವುದನ್ನೂ ಕೊಳ್ಳದೆ ಪರದೆಯ ಮೇಲೆಯೇ ಜೋಡಿಸಿ ಅಭ್ಯಾಸ ಮಾಡಬಹುದು. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳೂ ಉಚಿತ. ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಬೇಕು. ಇಂಗ್ಲಿಷ್ ಕಷ್ಟ ಅಂತ ಹೆದರಬೇಡಿ, ಮೊದಲ ಒಂದೆರಡು ತಿಂಗಳು ಎಲ್ಲರಿಗೂ ಹಾಗೇ ಅನ್ನಿಸುತ್ತದೆ.

ಇನ್ನೊಂದು ಸಣ್ಣ ವಿಷಯ. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಬರೆಯಿರಿ. ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು ಇದ್ದರೆ ಬಾಗಿಲಲ್ಲೇ ವಾಪಸ್ ಕಳಿಸಬಹುದು, ಕಟ್ಟಿದ ಹಣವೂ ಹೋಗಬಹುದು.

ನಾವೀಗ ಸಂಘಗಳಿಗೆ ಹೀಗೆ ಹೇಳುತ್ತಿದ್ದೇವೆ: ಕೆಲಸ ಗ್ಯಾರಂಟಿ ಎನ್ನುವ ಕೋರ್ಸಿಗೆ ಕಣ್ಣು ಮುಚ್ಚಿ ಸಾಲ ಬೇಡ. ಮಗನೋ ಮಗಳೋ ಮೂರು ತಿಂಗಳು ಉಚಿತ ಪಾಠ ಓದಿ, ಕಲಿತದ್ದನ್ನು ನಮ್ಮೆದುರು ಮಾಡಿ ತೋರಿಸಲಿ. ಆಮೇಲೆ ಪರೀಕ್ಷೆಯ ಶುಲ್ಕಕ್ಕೆ ಸಾಲ ಕೊಡೋಣ. ಆ ಹುಡುಗ ಈಗ ನಮ್ಮ ಕಚೇರಿಯ ಹಳೇ ಕಂಪ್ಯೂಟರಿನಲ್ಲಿ ಸಂಜೆ ಹೊತ್ತು ಪ್ಯಾಕೆಟ್ ಟ್ರೇಸರ್ ಅಭ್ಯಾಸ ಮಾಡುತ್ತಿದ್ದಾನೆ. ಪರೀಕ್ಷೆ ಇನ್ನೂ ಬರೆದಿಲ್ಲ. ತಾಯಿಯ ಸಾಲ ತೀರಲು ಇನ್ನೂ ಏಳು ಕಂತು ಬಾಕಿ ಇದೆ.

ಯಾವುದಾದರೂ ಕೇಂದ್ರಕ್ಕೆ ಈಗಾಗಲೇ ಮುಂಗಡ ಕೊಟ್ಟವರು ರಸೀದಿ ತಂದಿದ್ದರೆ ಚಹಾ ಆದ ಮೇಲೆ ಇಲ್ಲೇ ಇರಿ, ಒಂದೊಂದಾಗಿ ಕೂತು ನೋಡೋಣ.