ಕರಸ್ಥಲದ ಮಾತು, ಕೂಟದ ಬಲ



ದೀಕ್ಷಾಕಾಲದಲ್ಲಿ ಶ್ರೀಗುರುವು ಶಿಷ್ಯನ ಕಿವಿಗೆ ಮಂತ್ರವನ್ನೂ ಕರಸ್ಥಲಕ್ಕೆ ಇಷ್ಟಲಿಂಗವನ್ನೂ ಅನುಗ್ರಹಿಸುವನು. ಕಿವಿ ಕೇಳದೆ ಹುಟ್ಟಿದ ಮಗಳಿಗೆ ಒಂದು ಬಾಗಿಲು ಮುಚ್ಚಿದ್ದರೂ ಕೈ ಮತ್ತು ಕಣ್ಣುಗಳೆಂಬ ಬಾಗಿಲುಗಳು ತೆರೆದೇ ಇರುವವು. ಅಂಗೈಯ ಲಿಂಗವನ್ನು ಎವೆಯಿಕ್ಕದೆ ನೋಡುವ ಪೂಜೆಯಲ್ಲಿ ಅವಳು ಯಾರಿಗೂ ಕಡಿಮೆಯವಳಲ್ಲ. ಆದರೂ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಅಂಥವಳನ್ನು ‘ಮೂಗಿ’ ಎಂದು ಕರೆದು, ಸಾಲೆಗೆ ಕಳಿಸದೆ, ಒಲೆಗೂ ತೊಗರಿಯ ಹೊಲಕ್ಕೂ ಮೀಸಲಿಡುವ ರೂಢಿಯು ಪೂರ್ಣವಾಗಿ ಅಳಿದಿಲ್ಲ. ಈ ರೂಢಿಯು ಎಷ್ಟು ಅವಿಚಾರದ್ದೆಂಬುದನ್ನು ಒಂದು ಆಟವು ತೋರಿಸಿಕೊಡುವದು.

ಬಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಅಮೇರಿಕೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಹುಟ್ಟಿಸಿದರು. ಪಕ್ಷಕ್ಕೆ ಐವರು, ಹತ್ತು ಅಡಿ ಎತ್ತರದ ಬಳೆಯೊಳಗೆ ಚೆಂಡನ್ನು ಹಾಕಬೇಕು. ಕಿವಿ ಕೇಳದವರ ಜಾಗತಿಕ ಕ್ರೀಡಾಮೇಳವು 1924ರಲ್ಲಿ ಪ್ಯಾರಿಸಿನಲ್ಲಿ ಮೊದಲಾಯಿತು. ಈಗ ಅದಕ್ಕೆ ಡೆಫ್ಲಿಂಪಿಕ್ಸ್ ಎಂದು ಹೆಸರು. ಆ ಮೇಳದಲ್ಲಿ ಗಂಡಸರಿಗೆ 1949ರಲ್ಲಿ ದೊರೆತ ಈ ಆಟವು ಹೆಂಗಸರಿಗೆ ದೊರೆತದ್ದು 1981ರಲ್ಲಿ. ಮೂವತ್ತೆರಡು ವರ್ಷ ಬಾಗಿಲಲ್ಲಿ ಕಾದು ನಿಂತವರ ತಾಳ್ಮೆಯು ಸಾಮಾನ್ಯವಾದುದಲ್ಲ.

ಅಲ್ಲಿ ಆಡುವವಳು ಶ್ರವಣಯಂತ್ರವನ್ನು ತೆಗೆದಿಟ್ಟೇ ಅಂಗಳಕ್ಕೆ ಇಳಿಯಬೇಕೆಂಬುದು ನಿಯಮವು. ಸಿಳ್ಳು ಕೇಳದು, ಸಂಗಾತಿಯ ಕೂಗು ಕೇಳದು, ಬೆನ್ನ ಹಿಂದೆ ಓಡಿಬರುವ ಎದುರಾಳಿಯ ಹೆಜ್ಜೆಯೂ ಕೇಳದು. ಆದ್ದರಿಂದ ಐವರೂ ಕ್ಷಣಕ್ಷಣಕ್ಕೆ ಒಬ್ಬರನ್ನೊಬ್ಬರು ನೋಡಲೇಬೇಕು. ಚೆಂಡಿನ ಮೇಲೆ ಒಂದು ಕಣ್ಣು, ಸಂಗಾತಿಯ ಕೈಸನ್ನೆಯ ಮೇಲೆ ಇನ್ನೊಂದು. ತನ್ನ ಚಾತುರ್ಯವನ್ನೇ ಮೆರೆಯಬಯಸಿ ಸಂಗಾತಿಯ ಕಡೆಗೆ ನೋಡದವಳು ತಾನೂ ಕೆಡುವಳು, ಕೂಟವನ್ನೂ ಕೆಡಿಸುವಳು. ಕೇಳುವವರು ಕೂಗಿ ಸಾಧಿಸುವದನ್ನು ಇವರು ಪರಸ್ಪರ ಲಕ್ಷ್ಯದಿಂದ ಸಾಧಿಸುವರು. ಆ ಲಕ್ಷ್ಯವಾದರೋ ದಿನದಿನದ ಅಭ್ಯಾಸದಿಂದಲ್ಲದೆ ಬಾರದು. ಅದೇ ಅವರ ಕಾಯಕವು.

ಆದರೆ ಸನ್ನೆಯನ್ನು ಅರಿಯುವ ಸಂಗಾತಿಗಳಿಲ್ಲದಿದ್ದರೆ ಆ ಆಟಗಾರ್ತಿಯೂ ಒಂಟಿಯೇ. ಹಳ್ಳಿಯ ಮಗಳ ಕಷ್ಟವೂ ಇದೇ. ಅವಳ ಕೊರತೆಗಿಂತ ಅವಳ ಸುತ್ತಲಿನವರ ಅಲಕ್ಷ್ಯವೇ ದೊಡ್ಡದು. ಅವಳ ಕೈಮಾತನ್ನು ಮನೆಯವರು ಕಲಿತರೆ ಮನೆಯೇ ಒಂದು ಕೂಟವಾಗುವದು.

ಮಠಗಳಿಗೆ ಇಂಥ ಸೇವೆಯು ಹೊಸದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಕಣ್ಣಿಲ್ಲದ ಮಕ್ಕಳಿಗೆ ನಾದವನ್ನು ಕೊಟ್ಟು ಲೋಕಮಾನ್ಯರನ್ನಾಗಿ ಮಾಡಿತು. ಸುತ್ತೂರು ಮಠದ ವಿದ್ಯಾಪೀಠವು ಮೈಸೂರಿನಲ್ಲಿ ವಾಕ್‌ಶ್ರವಣ ಸಂಸ್ಥೆಯನ್ನೂ ಅಂಗವಿಕಲರ ಪಾಲಿಟೆಕ್ನಿಕ್ಕನ್ನೂ ನಡೆಸುತ್ತಿರುವದು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಜನಿಸಿದ ಶರಣಬಸವೇಶ್ವರರು ದಾಸೋಹದಲ್ಲಿ ಬಂದವರ ಹಸಿವನ್ನು ನೋಡಿದರಲ್ಲದೆ ಕುಂದನ್ನು ನೋಡಲಿಲ್ಲ. ಅನ್ನದಂತೆಯೇ ಮಾತೂ ದಾಸೋಹದ ಪದಾರ್ಥವು.

ಆದಕಾರಣ ಭಕ್ತರು ಎಳೆಯ ಕೂಸಿನ ಕಿವಿಯನ್ನು ಆದಷ್ಟು ಬೇಗ ಪರೀಕ್ಷೆ ಮಾಡಿಸಲಿ. ಭಾಷೆಯು ಬೇರೂರುವದು ಮೊದಲ ವರ್ಷಗಳಲ್ಲಿಯೇ. ಮಗುವಿಗೆ ತಕ್ಕ ಭಾಷೆಯಲ್ಲಿ, ತಕ್ಕ ರೀತಿಯಲ್ಲಿ ಶಿಕ್ಷಣ ಕೊಡಬೇಕೆಂದು 2016ರ ಕಾಯದೆಯೇ ಹೇಳಿರುವದು. ಆ ಹಕ್ಕನ್ನು ಸಾಲೆಯಲ್ಲಿ ಕೇಳಿ ಪಡೆಯಲಿ. ‘ಮೂಗಿ’ ಎಂಬ ಮಾತನ್ನು ಬಿಟ್ಟು ಹೆಸರು ಹಿಡಿದು ಕರೆಯಲಿ. ಮಠದ ಜಾತ್ರೆಯ ಆಟಗಳಲ್ಲಿ ಅವಳಿಗೂ ಚೆಂಡು ಸಿಗಲಿ. ಮಾತು ಅವಳ ಅಂಗೈಯಲ್ಲಿಯೇ ಇರುವದು. ನೋಡುವ ಕಣ್ಣುಗಳು ಬೇಕು.